ಹಲ್ಲಿನ ಡಾಕ್ಟರಮ್ಮನ ಕಾರಿನ ಫಿಲ್ಟರ್

ಶೆಡ್ಡಿನ ಮೇಸ್ತ್ರಿಗಿರಿ ಹತ್ತೊಂಬತ್ತು ವರ್ಷ ದುಡಿದ ತನಗೆ ಬಾರದೆ, ತಾನೇ ಸ್ಪ್ಯಾನರ್ ಹಿಡಿಯಲು ಕಲಿಸಿದ ಹೆಂಡತಿಯ ತಮ್ಮನಿಗೆ ಹೋದದ್ದು ಹಿರಿಯ ಮೆಕ್ಯಾನಿಕ್ಕನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು. ಯಜಮಾನರು ಕಾರಣವನ್ನೂ ಹೇಳಿದ್ದರು: "ನಿನ್ನ ಕೈ ಒಳ್ಳೇದು ಕಣಯ್ಯ, ಬಾಯಿ ಜಾಸ್ತಿ." ಅಂದಿನಿಂದ ಅವನು ಬಾಯಿ ಮುಚ್ಚಿಕೊಂಡು ಯೋಚಿಸತೊಡಗಿದನು.

ಯೋಚನೆ ಶೆಡ್ಡಿನ ಕಾಯಂ ಗಿರಾಕಿ ಹಲ್ಲಿನ ಡಾಕ್ಟರಮ್ಮನ ಮೂಗಿನ ಬಳಿ ಬಂದು ನಿಂತಿತು. ಆಕೆಗೆ ಧೂಳು ಆಗದು. ಕಾರಿನೊಳಗಿನ ಗಾಳಿ ಸೋಸುವ ಫಿಲ್ಟರ್ ಕಂಪನಿಯದೇ ಆಗಿರಬೇಕೆಂದು ಕಟ್ಟಪ್ಪಣೆ. ಸೋಮವಾರವಷ್ಟೇ ಭಾವಮೈದುನ ಹೊಸದನ್ನು ಕೂರಿಸಿದ್ದ. ಅಲ್ಲಿ ಅಗ್ಗದ ಮಾಲು ಸಿಕ್ಕಿದರೆ ಕಳ್ಳನೆನಿಸಿಕೊಳ್ಳುವವನು ಅವನೊಬ್ಬನೇ. ಮೇಸ್ತ್ರಿಗಿರಿ ತಾನಾಗಿ ಈ ಕಡೆ ತಿರುಗುತ್ತದೆ.

ಅವನು ಅಂಗಡಿ ಅಂಗಡಿ ಸುತ್ತಿ ಆರಿಸಿದ. ಕಂಪನಿಯ ಫಿಲ್ಟರಿನಲ್ಲಿ ಮಡಿಕೆಗಳು ಒತ್ತೊತ್ತು, ನಡುವೆ ಇದ್ದಿಲಿನ ಪದರ, ಅಂಚು ಬಿಗಿ. ಹೊರಗಿನವುಗಳಲ್ಲಿಯೂ ಕೆಲವು ಮರ್ಯಾದಸ್ಥವಾಗಿದ್ದವು. ಅವನ್ನೆಲ್ಲ ಬದಿಗಿಟ್ಟು, ಬೆಳಕಿಗೆ ಹಿಡಿದರೆ ಆಚೆಯ ಮುಖ ಕಾಣುವಂಥದೊಂದನ್ನು ತಂದ. ಭಾವಮೈದುನನಿಗೆ ತಾನು ಹಾಕಿದ ಪ್ರತಿ ಫಿಲ್ಟರಿನ ಅಂಚಿಗೂ ಆ ಕಾರಿನ ನಂಬರನ್ನು ನೀಲಿ ಶಾಯಿಯಲ್ಲಿ ಬರೆಯುವುದು ರೂಢಿ. ಎಸೆದ ಹಳೆಯ ಫಿಲ್ಟರುಗಳನ್ನು ಮುಂದಿಟ್ಟುಕೊಂಡು ಹಿರಿಯವನು ಎರಡು ದಿನ ಆ ಅಕ್ಷರ ತಿದ್ದಿದ. ಆಮೇಲೆ ಅಗ್ಗದ ಫಿಲ್ಟರಿನ ಅಂಚಿಗೆ ಡಾಕ್ಟರಮ್ಮನ ಕಾರಿನ ನಂಬರು ಬರೆದ; ಏಳರ ನಡುವೆ ಎಳೆಯುವ ಅಡ್ಡಗೆರೆಯನ್ನೂ ಬಿಡಲಿಲ್ಲ.

ಗುರುವಾರ ಡಾಕ್ಟರಮ್ಮನ ಕಾರು ತೊಳೆಯಲು ಬಂತು. ಎಲ್ಲರೂ ಊಟಕ್ಕೆ ಕೂತಾಗ ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ, ಅದಲು ಬದಲು ಮುಗಿಸಿದ. ಮೂರೇ ನಿಮಿಷ. ತೆಗೆದ ಕಂಪನಿ ಫಿಲ್ಟರನ್ನು ಎಸೆಯಲು ಮಾತ್ರ ಕೈ ಬರಲಿಲ್ಲ. ಅವನ ಕಾರೂ ಅದೇ ಮಾದರಿಯದು. ಕಂಪನಿ ಮಾಲಲ್ಲದೆ ಬೇರೇನೂ ಅದಕ್ಕೆ ಸೋಕಿಲ್ಲವೆಂದು ಕಂಡವರಿಗೆಲ್ಲ ಹೇಳಿಕೊಂಡವನು. ಹಾಗೆಯೇ ಕಂಕುಳಲ್ಲಿಟ್ಟು ಒಯ್ದು ತನ್ನ ಕಾರಿಗೆ ಕೂರಿಸಿದ.

ಶನಿವಾರ ಡಾಕ್ಟರಮ್ಮ ಸೀನುತ್ತಲೇ ಇಳಿದಳು. "ಏನ್ರೀ ತುರುಕಿದ್ದೀರಿ ಇದರೊಳಗೆ? ಹಲ್ಲು ಕೊರೀತಾ ಇರೋವಾಗ ನಾನು ಸೀನಿದ್ರೆ ಎದುರಿಗಿರೋರ ಗತಿ ಏನು?"

ಯಜಮಾನರು ಎದುರಿಗೇ ಬಿಚ್ಚಿಸಿದರು. ಭಾವಮೈದುನನ ಮುಖ ಸುಣ್ಣವಾಯಿತು. "ಬರಹ ನಂದೇ ಥರ ಇದೆ. ಆದ್ರೆ ಇದು ನಾನು ಹಾಕಿದ್ದಲ್ಲ. ಭಾವ, ನೀವಾದ್ರೂ ಹೇಳಿ!"

ಹಿರಿಯವನು ನಿಟ್ಟುಸಿರಿಟ್ಟ. "ನಾನೇನು ಹೇಳ್ಲಪ್ಪ? ಕಂಪನೀದು ಒಂದು ಪಕ್ಕದಲ್ಲಿಟ್ಟು ನೋಡಿದ್ರೆ ಮಗುವಿಗೂ ಗೊತ್ತಾಗುತ್ತೆ."

"ಸ್ಟಾಕ್ ಮುಗಿದಿದೆ," ಎಂದರು ಯಜಮಾನರು. "ನಿನ್ನ ಕಾರಲ್ಲಿ ಕಂಪನೀದೇ ಇದೆ ಅಂತ ದಿನಾ ಹೇಳ್ತೀಯಲ್ಲ, ಅದನ್ನೇ ತರಿಸು."

ಬೀಗದ ಕೈಯನ್ನು ಅವನು ಹೆಮ್ಮೆಯಿಂದಲೇ ಕೊಟ್ಟ.

ಎರಡನ್ನೂ ಮೇಜಿನ ಮೇಲೆ ಜೋಡಿಸಿದರು. ಒಂದು ವಿರಳ, ಇನ್ನೊಂದು ಒತ್ತು. ಅವನು ಹೇಳಿದಂತೆ ಮಗುವಿಗೂ ತಿಳಿಯುವ ವ್ಯತ್ಯಾಸ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು, ಅವನ ಕಾರಿನಿಂದ ಬಂದದ್ದನ್ನು ಹಲ್ಲು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ಅದರ ಅಂಚಿನಲ್ಲಿಯೂ ನೀಲಿ ಶಾಯಿಯಿತ್ತು. ಏಳರ ನಡುವೆ ಅಡ್ಡಗೆರೆಯಿತ್ತು. "ಇದೂ ನನ್ನ ಕಾರಿನ ನಂಬರ್ರೇ," ಎಂದಳು ಆಕೆ, ಸೀನದೆ.