ಮೂವತ್ತೊಂದನೇ ಸೀಟಿನವರು

ಸೋಮವಾರ ಹನ್ನೊಂದು ಗಂಟೆಗೆ ಕೆಳಮಹಡಿಯಿಂದ ನನಗೊಂದು ಕರೆ ವರ್ಗವಾಗಿ ಬಂತು. ಮೂವತ್ತೊಂದನೇ ಸೀಟಿನದು. ಆದರೆ ದನಿ ಅವರದಲ್ಲ. ಅವರೆಲ್ಲಿ ಎಂದು ಕೇಳಿದೆ.

"ಶನಿವಾರ ತೀರಿಕೊಂಡರಂತೆ ಮೇಡಂ, ಅಕ್ಕನ ಊರಿಗೆ ಹೋಗುವಾಗ. ಏಜೆನ್ಸಿಯವರು ಅವರ ಜಾಗಕ್ಕೆ ನನ್ನನ್ನು ಕಳಿಸಿದ್ದಾರೆ," ಎಂದಳು ಹೊಸ ಹುಡುಗಿ. "ಲೈನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ, ಕೊಡಲಾ?"

ಕೊಡು ಎಂದೆ. ತೆರಿಗೆ ರಿಟರ್ನ್ ತುಂಬುವುದು ಹೇಗೆಂದು ಆ ಮನುಷ್ಯನಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆಮೇಲೆ ಬಂದ ಕರೆಯನ್ನು ಎತ್ತಲಿಲ್ಲ.

ನಮ್ಮದು ತೆರಿಗೆ ಇಲಾಖೆ. ಜನ ಫೋನ್ ಮಾಡಿ ಕೇಳುವುದಕ್ಕೆಲ್ಲ ಉತ್ತರಿಸುವ ಕೆಲಸವನ್ನು ಮೂರು ವರ್ಷದ ಹಿಂದೆ ಖಾಸಗಿ ಏಜೆನ್ಸಿಗೆ ಗುತ್ತಿಗೆ ಕೊಟ್ಟರು. ಅವರು ಕೆಳಗೆ, ಕಾಯಂ ನೌಕರರಾದ ನಾವು ಮೇಲೆ. ಒಂದು ಕರೆಗೆ ಅವರಿಗೆ ಆರೇ ನಿಮಿಷ. ಬಗೆಹರಿಯದ್ದನ್ನು ನಮಗೆ ದಾಟಿಸುವ ಮುಂಚೆ ವಿಷಯವೇನೆಂದು ಎರಡು ಮಾತು ಹೇಳಬೇಕು.

ಮೂವತ್ತೊಂದನೇ ಸೀಟಿನವರ ಆ ಎರಡು ಮಾತಿಗೇ ನಾನು ಸೋತೆ.

"ಮೇಡಂ, ತೀರಿಹೋದ ಗಂಡನ ರಿಟರ್ನ್ ತುಂಬುತ್ತಿದ್ದಾರೆ. ಹೆಸರು, ತಾರೀಖು ನಾನೇ ಬರೆದುಕೊಂಡಿದ್ದೇನೆ. ಅವರನ್ನು ಮತ್ತೆ ಕೇಳಬೇಡಿ," ಎನ್ನುವರು. ಹೀಗೆ ಆರು ನಿಮಿಷ ಮೀರಿ ಎಷ್ಟು ಸಲ ಬೈಸಿಕೊಂಡರೋ.

ಮುಖ ನೋಡಬೇಕೆನಿಸಿ ಒಂದು ದಿನ ಇಳಿದು ಹೋದೆ. ನರೆತ ಮೀಸೆಯ ಮನುಷ್ಯ. ಹೆಡ್‌ಫೋನ್ ಕತ್ತಿಗಿಳಿಸಿ ಎದ್ದು ನಿಂತು, ದೂರು ಏನಾದರೂ ಇದೆಯೇ ಎಂದರು.

"ಇದೆ. ನೀವು ಕಳಿಸುವವರೆಲ್ಲ ಅಳುವವರೇ."

"ನಗುವವರನ್ನು ನಾನೇ ಇಟ್ಟುಕೊಳ್ಳುತ್ತೇನೆ ಮೇಡಂ," ಎಂದು ನನ್ನ ಕಣ್ಣನ್ನೇ ನೋಡಿದರು. ಐವತ್ತೇಳರ ನಾನು ಸುಮ್ಮಸುಮ್ಮನೆ ಕನ್ನಡಕ ಸರಿಮಾಡಿಕೊಂಡೆ.

ಅಂದಿನಿಂದ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಇಬ್ಬರ ಚಹಾ. ಕಾಯಂ ಅಧಿಕಾರಿಗೆ ಗುತ್ತಿಗೆಯವನೇ ಸಿಕ್ಕಿದನೇ ಎಂದು ನನ್ನ ತಮ್ಮ ಮೂತಿ ಮುರಿದ. ಮನಸ್ಸನ್ನು ಟೆಂಡರ್ ಕರೆದು ಕೊಡುತ್ತಾರೇನೋ ಎಂದು ಅವನ ಬಾಯಿ ಮುಚ್ಚಿಸಿದೆ. ನನ್ನ ನಿವೃತ್ತಿಗೂ ಕಾಯದೆ ಬರುವ ತಿಂಗಳೇ ಮದುವೆಯಾಗುವುದೆಂದು ನಿಶ್ಚಯಿಸಿದೆವು. ಅಕ್ಕನಿಗೆ ಅದನ್ನು ತಿಳಿಸಲೆಂದೇ ಅವರು ಹೊರಟದ್ದು. ಬಸ್ಸಿನಲ್ಲೇ ಎದೆಬಡಿತ ನಿಂತಿತು. ಇಂಥವಳಿಗೂ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಕಾಯಂ ನೌಕರರು ಸತ್ತರೆ ನಮ್ಮಲ್ಲಿ ಫಲಕದ ಮೇಲೆ ಹೆಸರು ಬರೆದು ಎರಡು ನಿಮಿಷ ಮೌನವಾಗಿ ನಿಲ್ಲುತ್ತೇವೆ. ಸಾಹೇಬರ ಬಳಿ ಅದನ್ನೇ ಕೇಳಿದೆ. ಅವರು ನಮ್ಮವರಲ್ಲ, ಏಜೆನ್ಸಿಯವರು, ಲೈನ್ ನಿಲ್ಲಿಸುವಂತಿಲ್ಲ ಎಂದರು.

"ಅಷ್ಟಕ್ಕೂ ನಿಮಗೆ ಅವರು ಏನಾಗಬೇಕು?"

"ಗಂಡ," ಎಂದೆ.

ಫಲಕದ ಮೇಲೆ ನಾನೇ ಅವರ ಹೆಸರು ಬರೆದು, ಕೆಳಗೆ ನನ್ನ ಹುದ್ದೆ ಹಾಕಿ ಸಹಿ ಮಾಡಿದೆ. ಮೂರು ಗಂಟೆಗೆ ಇಳಿದು ಹೋಗಿ ಅವರ ಕುರ್ಚಿಯ ಪಕ್ಕ ನಿಂತೆ. ಮೊದಲು ಹೊಸ ಹುಡುಗಿ ಹೆಡ್‌ಫೋನ್ ತೆಗೆದು ಎದ್ದಳು. ಆಮೇಲೆ ಪಕ್ಕದವನು, ಆಮೇಲೆ ಇಡೀ ಸಾಲು. ಬಾಗಿಲಲ್ಲಿ ಸಾಹೇಬರು ಕೂರಿ ಕೂರಿ ಎಂದು ಕೈಸನ್ನೆ ಮಾಡುತ್ತಲೇ ಇದ್ದರು. ಫೋನುಗಳು ಹೊಡೆದುಕೊಂಡವು. ಯಾರೂ ಕದಲಲಿಲ್ಲ.

ವಿವರಣೆ ಕೇಳಿ ಮೆಮೊ ಬಂದಿದೆ. ಹೌದು, ಲೈನ್ ನಿಲ್ಲಿಸಿದೆ ಎಂದು ಬರೆದುಕೊಟ್ಟಿದ್ದೇನೆ. ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ.

ಭಗವಂತಾ, ನನಗೇನೂ ಬೇಡ. ಅವರು ದಣಿದು ನಿನ್ನಲ್ಲಿಗೆ ಬಂದಿದ್ದಾರೆ, ಹತ್ತಿರ ಕೂರಿಸಿಕೋ. ಆ ಒಳ್ಳೆಯ ಜೀವಕ್ಕೆ ಶಾಂತಿ ಕೊಡು.