ಹೂಂ ಸರ್, ಇಲ್ಲ ಮಿಸ್

ಅವನು ತಲೆಯಾಡಿಸಿದ. ನಾನು ಹಾಳೆ ಮಗುಚಿದೆ. ಮೂರು ಸಾಲು ಮೊದಲೇ.

ಸಂಗೀತ ಶಾಲೆಯ ಮಹಡಿ ಹಾಲ್‌ನಲ್ಲಿ ಅವತ್ತು ಹಾಡುಗಾರರ ಪರೀಕ್ಷೆ. ಅವರಿಗೆಲ್ಲ ಪಿಯಾನೋ ನುಡಿಸುವವನು ಅವನು. ಪಕ್ಕದಲ್ಲಿ ನಿಂತು ಹಾಳೆ ಮಗುಚಬೇಕಾದ ಹುಡುಗಿಗೆ ಜ್ವರ ಬಂದಿದ್ದರಿಂದ, ಶಾಲೆ ನಡೆಸುವ ಮೇಡಂ ಕೆಳಗಿನ ಆಫೀಸಿಗೆ ಇಳಿದು ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿದ್ದರು.

"ಸ್ವರಲಿಪಿ ಓದೋಕೆ ಬರುತ್ತಲ್ಲ ನಿನಗೆ? ಅಷ್ಟು ಸಾಕು. ಅವನು ತಲೆ ಆಡಿಸ್ತಾನೆ, ನೀನು ಮಗುಚು. ಇದೇನು ಬ್ರಹ್ಮವಿದ್ಯೆನಾ?"

ನಾನು ತಪ್ಪು ಮಾಡಿದೆ. ಅವನು ನಿಲ್ಲಲಿಲ್ಲ. ಕಣ್ಣೆದುರಿಗಿದ್ದದ್ದು ಒಂದು, ಬೆರಳುಗಳು ನುಡಿಸುತ್ತಿದ್ದದ್ದು ಇನ್ನೊಂದು. ಹೋದ ಮೂರು ಸಾಲನ್ನು ನೆನಪಿನಿಂದಲೇ ನುಡಿಸಿ, ಹೊಸ ಹಾಳೆಯ ಮೊದಲ ಸ್ವರಕ್ಕೆ ಏನೂ ಆಗಿಲ್ಲವೆಂಬಂತೆ ಬಂದು ಸೇರಿಕೊಂಡ. ಹಾಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಪರೀಕ್ಷೆ ಮುಗಿಯುವವರೆಗೂ ನಾನು ಮುಂದಿನ ಹಾಳೆಯ ಮೂಲೆಯನ್ನು ಬಿಗಿಯಾಗಿ ಹಿಡಿದೇ ನಿಂತಿದ್ದೆ. ಅದಕ್ಕೆ ಕಾರಣ ಹಳೆಯದು. ನನಗೆ ಹದಿನಾಲ್ಕಾಗಿದ್ದಾಗ, ಸ್ಟೇಜ್ ಮೇಲೆ ನಾನು ಪಿಯಾನೋ ನುಡಿಸುತ್ತಿದ್ದಾಗ, ಫ್ಯಾನಿನ ಗಾಳಿಗೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ನಾನು ಅಲ್ಲೇ ನಿಂತುಹೋದೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಂದೇನೆಂದು ತಿಳಿಯದೆ ಕೂತೆ. ಕೊನೆಗೆ ಅಪ್ಪ ಮೆಟ್ಟಿಲು ಹತ್ತಿ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಅವರು ಬೈಯಲಿಲ್ಲ. "ಬಾ ಮಗಳೇ, ಸಾಕು" ಅಂದರು. ಆ 'ಸಾಕು' ಅನ್ನುವ ಮಾತು ಎಂಟು ವರ್ಷದಿಂದ ನನ್ನೊಳಗೇ ಕೂತಿದೆ. ಡಿಗ್ರಿ ಮುಗಿಸಿ, ಸಂಗೀತ ಶಾಲೆಯಲ್ಲೇ ಕೆಲಸಕ್ಕೆ ಸೇರಿದೆ. ಆದರೆ ಆಫೀಸಿನಲ್ಲಿ.

ಪರೀಕ್ಷೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವನಿಗಾಗಿ ಕಾದೆ.

"ಕ್ಷಮಿಸಿ. ನೀವು ತಲೆ ಆಡಿಸಿದ್ರಿ ಅಂತ..."

"ಹೂಂ."

"ಆಡಿಸಿದ್ರಿ ತಾನೇ?"

"ಹೂಂ. ಆದ್ರೆ ಅದು ಮಗುಚಿ ಅಂತಲ್ಲ."

"ಮತ್ತೆ ಯಾಕೆ?"

ಅವನು ಮೆಟ್ಟಿಲ ಕಂಬಿಯನ್ನೇ ನೋಡುತ್ತಾ, "ಸುಮ್ನೆ" ಅಂದು ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಅವತ್ತು ಡೈರಿಯಲ್ಲಿ ಒಂದೇ ಸಾಲು ಬರೆದೆ: ಸುಮ್ಮಸುಮ್ಮನೆ ಯಾರಾದರೂ ತಲೆಯಾಡಿಸುತ್ತಾರೆಯೇ?

ಅವನು ಯಾರೊಂದಿಗೂ ಹೆಚ್ಚು ಮಾತಾಡುವವನಲ್ಲ. ಏನು ಕೇಳಿದರೂ 'ಹೂಂ'. ಮಕ್ಕಳು ಅವನಿಗೆ 'ಹೂಂ ಸರ್' ಎಂದು ಹೆಸರಿಟ್ಟಿದ್ದರು. ನನಗೂ ಒಂದು ಹೆಸರಿತ್ತು ಎಂದು ಆಮೇಲೆ ತಿಳಿಯಿತು. ಮೂರನೇ ರೂಮಿನ ಕೀ ಇದೆಯಾ? ಇಲ್ಲ. ಮೇಡಂ ಇದಾರಾ? ಇಲ್ಲ. ಶನಿವಾರ ಜಾಗ ಸಿಗುತ್ತಾ? ಇಲ್ಲ. ಹೀಗೆ ದಿನವಿಡೀ ಕೌಂಟರಿನ ಹಿಂದೆ ಕೂತು 'ಇಲ್ಲ' ಅನ್ನುವ ನಾನು 'ಇಲ್ಲ ಮಿಸ್'.

ಜ್ವರ ಬಂದ ಹುಡುಗಿ ಬೇರೆ ಶಾಲೆ ಸೇರಿದಳು. ಅವನ ಹಾಳೆ ಮಗುಚುವ ಕೆಲಸ ನನ್ನ ತಲೆಗೇ ಬಂತು. ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಎರಡರಿಂದ ನಾಲ್ಕು.

"ತಲೆ ಆಡಿಸೋದು ಬೇಡ. ಬೇರೆ ಸನ್ನೆ ಇಟ್ಕೊಳ್ಳೋಣ" ಅಂದೆ.

"ಹುಬ್ಬು?"

"ಸರಿ, ಎಡ ಹುಬ್ಬು."

ಅವನಿಗೆ ಒಂದೇ ಹುಬ್ಬು ಏರಿಸಲು ಬರುತ್ತಿರಲಿಲ್ಲ. ಎರಡೂ ಏರುತ್ತಿದ್ದವು, ಜೊತೆಗೆ ಬಾಯಿಯೂ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಪ್ರತಿ ಹಾಳೆಯ ಕೊನೆಯಲ್ಲೂ ಅವನಿಗೆ ಯಾರೋ ಹೊಸ ಸುದ್ದಿ ಹೇಳಿದಂತೆ ಕಾಣುತ್ತಿತ್ತು. ಮೂರನೇ ಹಾಳೆಗೆ ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಹಾಡುತ್ತಿದ್ದ ದಪ್ಪ ಗಂಟಲಿನವರು ನಿಲ್ಲಿಸಿ, "ನನ್ನ ಹಾಡಲ್ಲಿ ನಗೋದೇನಿದೆ ಅಂತ ನನಗೂ ಹೇಳಿ, ಎಲ್ಲರೂ ನಗೋಣ" ಅಂದರು.

ಎರಡು ವಾರದಲ್ಲಿ ಸನ್ನೆಯೇ ಬೇಡವಾಯಿತು. ಸಾಲು ಮುಗಿಯುವ ಮುನ್ನ ಅವನು ಸಣ್ಣದಾಗಿ ಉಸಿರೆಳೆದುಕೊಳ್ಳುತ್ತಿದ್ದ. ಅದು ನನಗೆ ಕೇಳಿಸುವಷ್ಟು ಹತ್ತಿರದಲ್ಲಿ ನಾನು ನಿಂತಿರುತ್ತಿದ್ದೆ. ಹಾಳೆಯ ಮೂಲೆಗೆ ಕೈ ಚಾಚಿದಾಗ ನನ್ನ ತೋಳಿನ ನೆರಳು ಅವನ ಬೆರಳುಗಳ ಮೇಲೆ ಬೀಳುತ್ತಿತ್ತು. ನೆರಳು ಸರಿಯುವವರೆಗೆ ಅವನು ಒಂದಿಷ್ಟು ಮೆಲ್ಲಗೆ ನುಡಿಸುತ್ತಿದ್ದ ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸಿಕೆಯೇ ಇರಬಹುದು.

"ಅನ್ನಿಸಿಕೆ ಅಂತೆ!" ಅಂದಳು ಅಕ್ಕ, ನನ್ನ ಡೈರಿಯನ್ನು ಕೈಯಿಂದ ಕಿತ್ತುಕೊಂಡು ಓದುತ್ತಾ. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಜನ ಬಾಯಿ ತೆರೆಯುವುದನ್ನೇ ನೋಡುವ ಅವಳಿಗೆ ಬಾಯಿಬಿಡದ ತಂಗಿಯೆಂದರೆ ತಲೆನೋವು. "ಎರಡು ತಿಂಗಳಿಂದ ಒಬ್ಬ ಹೂಂ ಅಂತಾನೆ, ಇನ್ನೊಬ್ಬಳು ಇಲ್ಲ ಅಂತಾಳೆ. ನಿಮ್ಮಿಬ್ರಿಗೂ ಅರಿವಳಿಕೆ ಕೊಟ್ಟೋರು ಯಾರೇ?"

ನನ್ನ ಗುಟ್ಟು ಬಯಲಾಗಿದ್ದು ಗಮ್ ಟೇಪಿನಿಂದ. ಅವನ ಹಾಳೆಗಳನ್ನು ಝೆರಾಕ್ಸ್ ಮಾಡಿ, ಸಾಲಾಗಿ ಟೇಪ್ ಹಚ್ಚಿ, ಮೂಲೆ ಮಡಿಸಿ ಕೊಡುವುದು ನನ್ನದೇ ಕೆಲಸ. ಕೆಟ್ಟುಹೋದ ಪ್ರತಿಗಳ ಹಿಂಬದಿಯಲ್ಲಿ ನಾನು ಪೆನ್ಸಿಲಿನಿಂದ ಏನೇನೋ ಗೀಚುತ್ತಿದ್ದೆ. ಬಸ್ಸಿನಲ್ಲಿ ಹೊಳೆದ ಧಾಟಿ, ಪಾತ್ರೆ ತೊಳೆಯುವಾಗ ಹೊಳೆದ ಧಾಟಿ. ಅವತ್ತು ಎಲ್ಲೋ ನೋಡುತ್ತಾ ಟೇಪ್ ಹಚ್ಚಿದ್ದೆನೋ ಏನೋ, ಮೂರನೇ ಹಾಳೆ ತಿರುಗುಮುರುಗಾಗಿ ಅಂಟಿಕೊಂಡಿತ್ತು.

ಹಾಡುಗಾರರು ಬರುವ ಮುನ್ನ ಅವನು ಒಮ್ಮೆ ನುಡಿಸಿ ನೋಡುತ್ತಿದ್ದ. ಉಸಿರೆಳೆದುಕೊಂಡ. ನಾನು ಮಗುಚಿದೆ. ಎದುರಿಗೆ ನನ್ನ ಪೆನ್ಸಿಲಿನ ಅಕ್ಷರ.

ಹಾಳೆಯನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಕೈ ಏಳಲಿಲ್ಲ. ಅವನು ಒಂದು ಕ್ಷಣವೂ ತಡೆಯದೆ ಅದನ್ನೇ ನುಡಿಸತೊಡಗಿದ. ನನ್ನ ತಲೆಯೊಳಗೆ ಮಾತ್ರ ಇದ್ದದ್ದು ಹೊರಗೆ, ಕಿಟಕಿಯ ಗಾಜಿಗೆ ತಾಗುವಷ್ಟು ದೊಡ್ಡದಾಗಿ ಕೇಳುತ್ತಿತ್ತು. ಕೆಳಗೆ ಬೀದಿಯಲ್ಲಿ ಸೈಕಲ್ ಅಂಗಡಿಯವನು ಟಯರಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿದ. ಟಯರು ತುಂಬಿತ್ತೋ, ಅವನು ಕೇಳುತ್ತಿದ್ದನೋ, ಗೊತ್ತಿಲ್ಲ.

ಹಾಳೆ ಮುಗಿಯಿತು. ಧಾಟಿ ಮುಗಿದಿರಲಿಲ್ಲ.

"ಮುಂದೆ?" ಅಂದ.

"ಇಲ್ಲ."

"ಯಾರದು ಇದು?"

"ಗೊತ್ತಿಲ್ಲ."

ಅವನು ಹಾಳೆಯನ್ನು ನೋಡಿದ. ನನ್ನ ಬೆರಳಿಗಂಟಿದ್ದ ಪೆನ್ಸಿಲಿನ ಮಸಿಯನ್ನು ನೋಡಿದ. "ಆ ಗೊತ್ತಿಲ್ಲದವರು ಸಿಕ್ಕಿದ್ರೆ ಹೇಳಿ, ಮುಂದಿನದು ಕೇಳದೆ ನನಗೆ ನಿದ್ದೆ ಬರಲ್ಲ ಅಂತ."

ಅದು ಅಲ್ಲಿಯವರೆಗೆ ಅವನು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು.

ಮಂಗಳವಾರ ಫೈಲಿನಲ್ಲಿ ಆ ಹಾಳೆ ವಾಪಸ್ ಬಂತು. ಕೊನೆಯಲ್ಲಿ ಅವನು ತಾನೇ ಒಂದು ಸಾಲು ಸೇರಿಸಿದ್ದ. ಕೆಟ್ಟದಾಗಿತ್ತು. ಮದುವೆ ಮನೆಯಿಂದ ಓಡಿಬಂದ ಬ್ಯಾಂಡಿನವರ ಹಾಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೌಂಟರಿನಲ್ಲಿ ನಿಂತಿದ್ದವರನ್ನು ಕಾಯಿಸಿ, ರಬ್ಬರಿನಿಂದ ಅದನ್ನು ಉಜ್ಜಿ, ಸರಿಯಾದದ್ದನ್ನು ಬರೆದೆ. ಶುಕ್ರವಾರ ಇನ್ನೊಂದು ಕೆಟ್ಟ ಸಾಲು. ಅದನ್ನೂ ತಿದ್ದಿದೆ. ಹೀಗೆ ತಿದ್ದಿ ತಿದ್ದಿ ಧಾಟಿ ನಾಲ್ಕು ಹಾಳೆಯಾಯಿತು. ಅವನಂಥ ಕಲಾವಿದ ಅಷ್ಟು ಕೆಟ್ಟದಾಗಿ ಬರೆಯಲು ಸಾಧ್ಯವೇ ಇಲ್ಲವೆಂಬುದು ನನ್ನ ಪೆದ್ದು ತಲೆಗೆ ಹೊಳೆದದ್ದು ನಾಲ್ಕನೇ ಹಾಳೆ ತುಂಬಿದ ಮೇಲೆ.

ಅಷ್ಟರಲ್ಲಿ ಮೇಡಂ ಒಂದು ಸುದ್ದಿ ತಂದರು. ಊರಿನ ದೊಡ್ಡ ವಾದ್ಯವೃಂದದವರು ಹೊಸಬರಿಗಾಗಿ ಒಂದು ಮಧ್ಯಾಹ್ನ ಇಟ್ಟಿದ್ದಾರೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಹಿಡಿಸಿದವರನ್ನು ಒಂದು ವರ್ಷಕ್ಕೆ ತಮ್ಮ ಜೊತೆ ಸೇರಿಸಿಕೊಳ್ಳುತ್ತಾರೆ. ಹೆಸರು ಕೊಡಲು ಶುಕ್ರವಾರ ಐದು ಗಂಟೆ ಕೊನೆ. ಪಟ್ಟಿ ಟೈಪ್ ಮಾಡುವವಳು ನಾನೇ.

ಶುಕ್ರವಾರ ನಾಲ್ಕೂವರೆಗೆ ಅವನು ಕೌಂಟರಿನ ಮುಂದೆ ನಿಂತ.

"ನನ್ನ ಹೆಸರು ತೆಗೀರಿ."

"ಯಾಕೆ? ಮೇಡಂ ಕೇಳಿದಾಗ ಒಪ್ಕೊಂಡ್ರಲ್ಲ?"

"ಅಭ್ಯಾಸ ಬಲ. ಹೂಂ ಅಂದುಬಿಟ್ಟೆ." ಅವನು ಕೌಂಟರಿನ ಮೇಲಿದ್ದ ಕೀಗಳನ್ನು ಒಂದೊಂದಾಗಿ ನೇರ ಮಾಡಿದ. "ಹಾಡೋರ ಹಿಂದೆ ಕೂತ್ರೆ ಬಚ್ಚಿಟ್ಕೊಳ್ಳೋಕೆ ಜಾಗ ಇರುತ್ತೆ. ಒಬ್ಬನೇ ಕೂತು ಯಾವತ್ತೂ ನುಡಿಸಿಲ್ಲ. ನನ್ನ ಕೈಲಾಗಲ್ಲ. ತೆಗೀತೀರಾ?"

"ಇಲ್ಲ" ಅಂದೆ.

ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಆ ಪದವನ್ನು ನಾನು ಹೇಳಿರಲಿಲ್ಲ. ಅವನು ಬೆಚ್ಚಿ ತಲೆಯೆತ್ತಿದ. ಎರಡೂ ಹುಬ್ಬು ಏರಿದ್ದವು.

"ಅವತ್ತು ನಾನು ಮೂರು ಸಾಲು ನುಂಗಿ ಹಾಕ್ದೆ. ನೀವು ನಿಲ್ಲಲಿಲ್ಲ. ನಾನಾಗಿದ್ರೆ..." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೂ ಹೇಳಿದೆ. ಫ್ಯಾನು, ಎರಡು ಹಾಳೆ, ಅಪ್ಪ, 'ಸಾಕು', ಎಲ್ಲ. ಅಕ್ಕನಿಗೂ ಪೂರ್ತಿ ಹೇಳದ್ದನ್ನು ಕೀಗಳ ಗೊಂಚಲಿನ ಎದುರು ನಿಂತು ಹೇಳಿದೆ. "ನಿಲ್ಲದೆ ನುಡಿಸೋಕೆ ಬರೋರು ಹೆಸರು ತೆಗೆಸ್ಕೋಬಾರದು."

ಅವನು ಕೊನೆಯ ಕೀಯನ್ನೂ ನೇರ ಮಾಡಿಟ್ಟ.

"ಸರಿ. ಹಾಗಾದ್ರೆ ಆ ಗೊತ್ತಿಲ್ಲದವರ ಹೆಸರೂ ಹಾಕಿ."

"ಅದು ಬೇರೆ ವಿಷಯ."

"ಬಲವಂತ ಇಲ್ಲ. ಕೇಳಿದೆ ಅಷ್ಟೇ." ಬಾಗಿಲ ತನಕ ಹೋದವನು ತಿರುಗಿ ನಿಂತ. "ಅವರು ಬಂದ್ರೆ, ಹಾಳೆ ನಾನು ಮಗುಚ್ತೀನಿ ಅಂತ ಹೇಳಿ."

ಐದಕ್ಕೆ ನಾಲ್ಕು ನಿಮಿಷವಿತ್ತು. ಅವನ ಹೆಸರಿನ ಕೆಳಗಿನ ಸಾಲು ಖಾಲಿಯಿತ್ತು. ನನ್ನ ಹೆಸರನ್ನು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿ, ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟೆ.

ಹೊಸಬರ ಆ ಮಧ್ಯಾಹ್ನ ಅವನ ಸರದಿ ಮೊದಲು. ನಾನು ಹಾಳೆ ಮಗುಚಿದೆ. ಮೊದಲ ನಿಮಿಷ ಅವನ ಕಣ್ಣು ಹಾಳೆ ಬಿಟ್ಟು ಕದಲಲಿಲ್ಲ, ನಾನು ಒಂದು ಹೆಜ್ಜೆ ಹತ್ತಿರ ನಿಂತೆ. ಆಮೇಲೆ ಅವನು ಹಾಳೆಯನ್ನು ನೋಡಲೇ ಇಲ್ಲ. ಮೂರು ತಿಂಗಳು ಎಲ್ಲರ ಹಿಂದೆ ಸಣ್ಣದಾಗಿ ಕೇಳಿದ್ದ ಆ ಕೈಗಳೊಳಗೆ ಇಷ್ಟೊಂದು ಸದ್ದು ಎಲ್ಲಿ ಅಡಗಿತ್ತೋ! ಚಪ್ಪಾಳೆ ಬಿದ್ದಾಗ, ಅದು ಬೇರೆ ಯಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡಿದ, ಪಾಪ.

ಇಬ್ಬರು ಪಿಟೀಲಿನವರ ನಂತರ ನಾನು. ಪರದೆಯ ಹಿಂದೆ ನಿಂತಿದ್ದೆವು.

"ಒಂದು ಹೇಳ್ಲಾ?" ಅಂದ.

"ಈಗಲಾ?"

"ಈಗ ಹೇಳದಿದ್ರೆ ಇನ್ನೂ ಮೂರು ತಿಂಗಳು ಹಿಡಿಯುತ್ತೆ. ಮೊದಲ ದಿನ ನಾನು ತಲೆ ಆಡಿಸಿದ್ದು ಯಾಕೆ ಅಂದ್ರೆ, ನೀವು ನನ್ನ ಕಿವಿ ಹತ್ರ ಗುನುಗ್ತಾ ಇದ್ರಿ. ನಿಮಗೇ ಗೊತ್ತಿರಲಿಲ್ಲ. ಹಾಳೆಯಲ್ಲಿ ಇಲ್ಲದ್ದನ್ನ ಗುನುಗ್ತಿದ್ರಿ, ಅದು ಹಾಳೆಯಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಅದಕ್ಕೆ ಹೂಂ ಅಂದೆ."

ಒಳಗೆ ನನ್ನ ಹೆಸರು ಕರೆದರು.

"ಇನ್ನೊಂದು" ಅಂದ, ಆತುರಾತುರವಾಗಿ. ಕಿವಿ ಅವತ್ತಿನಷ್ಟೇ ಕೆಂಪು. "ಬರೀ ಇವತ್ತಲ್ಲ. ಇನ್ನು ಮುಂದೆ ಯಾವಾಗ್ಲೂ ನಿಮ್ಮ ಪಕ್ಕ ನಾನಿರಲಾ?"

"ಈ ಪ್ರಶ್ನೆ ಕೇಳೋ ಹೊತ್ತಾ ಇದು?" ಅಂದೆ. ಸ್ಟೇಜಿಗೆ ನಡೆದೆ. ಸಿಟ್ಟಿನ ಭರದಲ್ಲಿ ಹೆದರುವುದು ಅರ್ಧ ಮರೆತೇಹೋಗಿತ್ತು.

ಮೂರನೇ ಸಾಲಿನಲ್ಲಿ ಅಕ್ಕ. ಹಲ್ಲು ತೋರಿಸಿ ನಗು ಎಂದು ದೂರದಿಂದಲೇ ಅಭಿನಯಿಸುತ್ತಿದ್ದಳು. ನಾನು ಕೂತೆ. ಅವನು ಎಡಪಕ್ಕ ನಿಂತ. ಶುರು ಮಾಡಿದೆ.

ಮೊದಲ ಹಾಳೆ ದಾಟಿತು. ಎರಡನೆಯದರ ನಡುವೆ, ಅವನು ಬರೆದ ಕೆಟ್ಟ ಸಾಲುಗಳಲ್ಲೊಂದು ಇದ್ದ ಜಾಗ. ರಬ್ಬರು ಉಜ್ಜಿದ ಮಸುಕು ಇನ್ನೂ ಕಾಣುತ್ತಿತ್ತು. ನಾನು ಸಿಟ್ಟು ಮಾಡಿಕೊಳ್ಳಲಿ, ತಿದ್ದಲಿ, ಮುಂದೆ ಹೋಗಲಿ ಎಂದು ಒಬ್ಬ ಮನುಷ್ಯ ಬೇಕೆಂದೇ ಕೆಟ್ಟದಾಗಿ ಬರೆದಿದ್ದ. ವಾರಕ್ಕೆ ಎರಡು ಸಲ. ಎದೆ ತುಂಬಿ ಬಂತು. ಅವನ ಪ್ರಶ್ನೆಗೆ ಉತ್ತರ ಅಲ್ಲೇ, ತಾನಾಗಿಯೇ ಬಂದುಬಿಟ್ಟಿತು.

ನಾನು ತಲೆಯಾಡಿಸಿದೆ.

ಅವನು ಹಾಳೆ ಮಗುಚಿದ.

ಅರ್ಧ ಹಾಳೆ ಮೊದಲೇ! ಕಣ್ಣೆದುರು ಬೇರೆಯದೇ ಸಾಲುಗಳು. ಹದಿನಾಲ್ಕರ ಹುಡುಗಿ ಒಳಗೆ ಎದ್ದು ಕೂತಳು. ಬೆರಳು ತಡೆಯಿತು. ಸಾಕು, ಬಾ ಮಗಳೇ.

ಮರುಕ್ಷಣ ನನಗೆ ನಗು ಬಂತು. ಈ ಧಾಟಿ ನನ್ನದು. ಬಸ್ಸಿನಲ್ಲಿ ಹುಟ್ಟಿದ್ದು, ಪಾತ್ರೆ ತೊಳೆಯುತ್ತಾ ಬೆಳೆದದ್ದು. ಇದನ್ನು ನೆನಪಿಸಿಕೊಳ್ಳಲು ನನಗೆ ಹಾಳೆ ಯಾಕೆ ಬೇಕು? ಹೋದ ಸಾಲುಗಳನ್ನು ಒಂದೊಂದಾಗಿ ಕರೆದೆ. ಎಲ್ಲವೂ ಬಂದವು. ಹೊಸ ಹಾಳೆಯ ಮೊದಲ ಸ್ವರಕ್ಕೆ ಏನೂ ಆಗಿಲ್ಲವೆಂಬಂತೆ ಹೋಗಿ ಸೇರಿಕೊಂಡೆ.

ಪಕ್ಕದಲ್ಲಿ ಅವನು ಕಲ್ಲಾಗಿದ್ದ. ತಾನು ಮಾಡಿದ್ದೇನೆಂದು ಅವನಿಗೆ ಈಗ ತಿಳಿದಿತ್ತು. ನುಡಿಸುತ್ತಲೇ ನಾನು ತುಟಿಯಲ್ಲೇ ಅಂದೆ:

"ಅದು ಮಗುಚಿ ಅಂತಲ್ಲ."

ಒಂದು ಸಾಲಿನಷ್ಟು ಹೊತ್ತು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂರನೇ ಹಾಳೆಯನ್ನು ಅವನು ಮಗುಚಲೇ ಇಲ್ಲ, ಮರೆತೇಬಿಟ್ಟ. ಪರವಾಗಿರಲಿಲ್ಲ.

ಮುಗಿದ ಮೇಲೆ ವಾದ್ಯವೃಂದದ ಹಿರಿಯ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು ನಮ್ಮ ಬಳಿ ಬಂದರು. "ಸೋಮವಾರದಿಂದ ಇಬ್ಬರೂ ಬನ್ನಿ. ಅವನು ನುಡಿಸಲಿ. ನೀನು ನುಡಿಸು, ಜೊತೆಗೆ ಧಾಟಿನೂ ಬರೆ. ಬರ್ತೀಯೇನಮ್ಮಾ?"

ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಶಾಲೆಯ ಮಕ್ಕಳು ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು. ಇಲ್ಲ ಮಿಸ್ ಏನು ಹೇಳುತ್ತಾರೆಂದು ಅವರಿಗೆಲ್ಲ ಗೊತ್ತಿತ್ತು.

"ಹೂಂ" ಅಂದೆ.