ಮೂವತ್ತೇಳನೆಯ ಸೆಕೆಂಡು

ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಅರ್ಧ ಹಾಳೆಯಷ್ಟಿತ್ತು. ಐದು ಮಹಡಿಯ ಕಟ್ಟಡವೊಂದರ ಲಿಫ್ಟು ಎಂಟೂವರೆಗೆ ಬ್ರೇಕ್ ಹಿಡಿಯದೆ ಎರಡು ಮಹಡಿ ಜಾರಿ ತಳಕ್ಕೆ ಬಡಿದಿತ್ತು. ಒಳಗಿದ್ದವಳು ನಾಲ್ಕನೆಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ದೂರು ತಂದವನು ಅವಳ ತಮ್ಮ.

“ಅಕ್ಕ ಆ ಕಾಲಲ್ಲೇ ಮಷಿನ್ ತುಳಿಯೋದು ಮೇಡಂ,” ಎಂದ.

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಐವತ್ತರ ಹತ್ತಿರದ ಹೆಂಗಸು; ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವ ಸ್ವಭಾವ. ಇಬ್ಬರು ಪಂಚರ ಎದುರು ಲಿಫ್ಟಿನ ಯಂತ್ರದ ಕೋಣೆಯಲ್ಲಿ ಪಂಚನಾಮೆ ನಡೆಸಿದಳು. ಬ್ರೇಕಿನ ಪಟ್ಟಿ ಉಗುರಿನಷ್ಟು ತೆಳ್ಳಗೆ ಸವೆದಿತ್ತು. ಆದರೆ ಲಿಫ್ಟ್ ಕಂಪನಿಯವರು ಕೊಟ್ಟ ಮಂಗಳವಾರದ ತಪಾಸಣಾ ವರದಿಯಲ್ಲಿ ‘ಬ್ರೇಕ್ ಸರಿಯಿದೆ’ ಎಂದಿತ್ತು. ಸಮಯ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಮೂವತ್ತೇಳು ಸೆಕೆಂಡು.

ಆ ತಪಾಸಣೆ ಮಾಡಿದ ಮೆಕ್ಯಾನಿಕ್ಕನ್ನು ಎರಡೂಕಾಲಕ್ಕೆ ಠಾಣೆಗೆ ಕರೆಸಿದರು.

“ನೋಡದೇನೇ ಸರಿಯಿದೆ ಅಂತ ಬರೆದ್ಯಾ?”

“ನಾನು ಬರೆದದ್ದು ಹಾಗಲ್ಲ. ಪಟ್ಟಿ ಸವೆದಿದೆ, ಇವತ್ತೇ ನಿಲ್ಲಿಸಿ ಅಂತ ಬರೆದೆ.”

“ನೀನೇ ನಿಲ್ಲಿಸಬಹುದಿತ್ತಲ್ಲ?”

“ಆಫೀಸಿಂದ ಕಟ್ಟಡಕ್ಕೆ ಫೋನ್ ಹೋಗ್ಬೇಕು ಮೇಡಂ, ಅದು ಅವರ ನಿಯಮ. ಕಾವಲುಗಾರನಿಗೆ ಬಾಯಲ್ಲಿ ಹೇಳಿ ಬಂದೆ.”

ಕಾವಲುಗಾರನನ್ನು ಕೇಳಿದರೆ, “ಏನೋ ಹೇಳಿದ, ನಾನು ನೀರಿನ ಪಂಪು ಹಾಕೋ ಗಡಿಬಿಡೀಲಿದ್ದೆ,” ಎಂದು ಕೈ ತೊಳೆದುಕೊಂಡ.

“ವರದಿ ಎಲ್ಲಿರುತ್ತೆ?” ಇನ್‌ಸ್ಪೆಕ್ಟರ್ ಮತ್ತೆ ಮೆಕ್ಯಾನಿಕ್ಕನ್ನು ಕೇಳಿದಳು.

“ಪರೀಕ್ಷೆ ಮಾಡೋ ಯಂತ್ರದೊಳಗೆ ಒಂದು ಹಳೇ ಮೆಮೊರಿ ಕಾರ್ಡ್ ಇರುತ್ತೆ. ಸಂಜೆ ಮೇಷ್ಟ್ರಿಗೆ ಕೊಡ್ತೀವಿ. ಅವರು ಕಂಪ್ಯೂಟರಿಗೆ ಹಾಕ್ಕೊಂಡು, ಕಾರ್ಡ್ ಅಳಿಸಿ ಬೆಳಿಗ್ಗೆ ವಾಪಸ್ ಕೊಡ್ತಾರೆ.”

ಮೇಷ್ಟ್ರು ಎಂದರೆ ಕಂಪನಿಯ ಮೇಲ್ವಿಚಾರಕ. ಅಲ್ಲಿನ ಮೆಕ್ಯಾನಿಕ್ಕುಗಳಿಗೆಲ್ಲ ಕೆಲಸ ಕಲಿಸಿದವರು.

“ಅವರು ಬದಲಾಯಿಸಿರಬಹುದಾ?”

ಮೆಕ್ಯಾನಿಕ್ಕು ಮೊದಲ ಸಲ ತಲೆಯೆತ್ತಿ ನೋಡಿದ. “ಅವರ ಬಗ್ಗೆ ಹಾಗೆ ಮಾತಾಡ್ಬೇಡಿ ಮೇಡಂ. ಮೀಟರು ಹನ್ನೆರಡು ಪಾಯಿಂಟ್ ಮೂರು ತೋರಿಸಿದ್ರೆ ಹನ್ನೆರಡು ಅಂತ ಬರೆದೋರ ಕಿವಿ ಹಿಂಡಿದೋರು ಅವರು. ದುಂಡು ಅಂಕಿ ಕಂಡ್ರೆ ನೋಡದೆ ಬರೆದಿದ್ದೀಯ ಅಂತ ಗೊತ್ತಾಗುತ್ತೆ ಅಂತಿದ್ರು.” ಆಮೇಲೆ, “ಲೈಸೆನ್ಸ್ ಹೋದ್ರೆ ನನಗೆ ಬೇರೆ ಕೆಲಸ ಬರಲ್ಲ,” ಎಂದ.

ಶುಕ್ರವಾರ ಕಂಪನಿಯ ಆಫೀಸಿಗೆ ಹೋದರು. ಮೇಷ್ಟ್ರು ಎದ್ದು ನಿಂತು ಕುರ್ಚಿ ಕೊಟ್ಟರು. ಅವರ ಬೆನ್ನ ಹಿಂದೆ ಗಾಜಿನ ಚೌಕಟ್ಟಿನಲ್ಲಿ ಹೊಸ ಸನ್ಮಾನ ಪತ್ರ: ಇಪ್ಪತ್ತಾರು ವರ್ಷ, ಒಂದೂ ಅಪಘಾತವಿಲ್ಲ. ಮೊಳೆ ಹೊಡೆದಾಗ ಉದುರಿದ ಸುಣ್ಣದ ಪುಡಿ ಇನ್ನೂ ನೆಲದ ಮೇಲಿತ್ತು.

“ಒಳ್ಳೇ ಹುಡುಗ,” ಎಂದರು ಮೇಷ್ಟ್ರು ಮೆಲ್ಲಗೆ. “ಒಮ್ಮೊಮ್ಮೆ ಕಣ್ಣು ತಪ್ಪುತ್ತೆ.”

“ಕಂಪ್ಯೂಟರಿನ ಪಾಸ್‌ವರ್ಡ್ ಯಾರ್ಯಾರ ಹತ್ರ ಇದೆ?”

“ನನ್ನೊಬ್ಬನ ಹತ್ರ.”

ಕಂಪ್ಯೂಟರನ್ನೂ ಕಾರ್ಡನ್ನೂ ವಶಪಡಿಸಿಕೊಂಡು ಮೊಹರು ಹಾಕಿದರು. ಕಾರ್ಡಿನಲ್ಲಿ ಹಳೆಯದೇನೂ ಉಳಿದಿರಲಿಲ್ಲ. ಸೋಮವಾರದೊಳಗೆ ಮೆಕ್ಯಾನಿಕ್ಕನ್ನು ಬಂಧಿಸಿ ಎಂದು ಮೇಲಿನಿಂದ ಎರಡು ಸಲ ಫೋನ್ ಬಂತು.

ಶನಿವಾರ ಪ್ರಯೋಗಾಲಯದಿಂದ ಆ ಲಿಫ್ಟಿನ ಮುನ್ನೂರ ಹನ್ನೆರಡು ವರದಿಗಳ ಪಟ್ಟಿ ಬಂತು. ಎಲ್ಲರೂ ಮೀಸೆ ಎಂದೇ ಕರೆಯುವ ಮುಖ್ಯ ಪೇದೆ ಅದನ್ನು ಓದಿ ಮುಖ ಅರಳಿಸಿದ.

“ಇದ್ರಲ್ಲಿ ಮಂಗಳವಾರದ್ದು ಬೆಳಿಗ್ಗೆ ಆರು ಹನ್ನೆರಡು ಅಂತಿದೆ. ಆ ಹೊತ್ತಿಗೆ ಇವನು ಆಫೀಸಲ್ಲಿ ಹಾಜರಿ ಕೂಡ ಹಾಕಿರ್ಲಿಲ್ಲ. ಕಟ್ಟಡಕ್ಕೆ ಕಾಲಿಡದೇನೇ ವರದಿ ಬರೆದಿದಾನೆ. ಕೇಸು ಮುಗೀತು ಮೇಡಂ.”

ಇನ್‌ಸ್ಪೆಕ್ಟರಿಗೆ ಸಮಾಧಾನವಾಗಲಿಲ್ಲ. ಮೀಸೆಯನ್ನೂ ಕರೆದುಕೊಂಡು ಪ್ರಯೋಗಾಲಯಕ್ಕೇ ಹೋದಳು. ಅಲ್ಲಿದ್ದ ತಜ್ಞೆ ನಕ್ಕಳು.

“ಗಂಟೆ ನೋಡಿ ಹೆದರಬೇಡಿ. ಕಾರ್ಡು ಗೋಡೆ ಗಡಿಯಾರ ನೋಡಿದ ಹಾಗೆ ಸಮಯ ಬರ್ಕೊಳ್ಳುತ್ತೆ, ಅದು ಯಾವ ಊರಿನ ಗಡಿಯಾರ ಅಂತ ಬರೆಯಲ್ಲ. ಅವರ ಕಂಪ್ಯೂಟರು ಅದನ್ನ ಲೋಕಕ್ಕೆಲ್ಲ ಒಂದೇ ಆಗಿರೋ ಸಮಯಕ್ಕೆ ತಿರುಗಿಸಿ ಇಡುತ್ತೆ. ನನ್ನದು ಅದನ್ನೇ ತೋರಿಸುತ್ತೆ. ಐದೂವರೆ ಗಂಟೆ ಹಿಂದೆ ಹೋಗಿದೆ, ಎಲ್ಲಾ ವರದಿದೂ ಒಂದೇ ಸಮ.”

“ನಮ್ಮ ಠಾಣೆ ಗಡಿಯಾರ ಹತ್ತು ನಿಮಿಷ ಮುಂದಿದೆ,” ಎಂದ ಮೀಸೆ. “ಅದನ್ನೂ ಒಳಗೆ ಹಾಕೋಣವಾ?”

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳ ಪೆನ್ಸಿಲು ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಇಳಿಯುತ್ತಿತ್ತು. ಹದಿನಾಲ್ಕು, ಎಂಟು, ಐವತ್ತೆರಡು, ಇಪ್ಪತ್ತು, ಮೂವತ್ತೇಳು. ಪೆನ್ಸಿಲು ಅಲ್ಲಿ ನಿಂತಿತು. ಮತ್ತೆ ಮೊದಲಿನಿಂದ ಇಳಿಯಿತು.

“ಇದೊಂದು ಬಿಟ್ರೆ ಉಳಿದ ಸೆಕೆಂಡುಗಳೆಲ್ಲ ಸಮಸಂಖ್ಯೆ. ಯಾಕೆ?”

ತಜ್ಞೆಯ ನಗು ನಿಂತಿತು. ಕುರ್ಚಿ ಎಳೆದುಕೊಂಡು ಮುನ್ನೂರ ಹನ್ನೆರಡನ್ನೂ ತಾನೇ ನೋಡಿದಳು.

“ಆ ಥರದ ಕಾರ್ಡಲ್ಲಿ ಸಮಯಕ್ಕೆ ಜಾಗ ಕಮ್ಮಿ. ಅದಕ್ಕೇ ಸೆಕೆಂಡನ್ನ ಎರಡೆರಡಾಗಿ ಎಣಿಸುತ್ತೆ. ಮೂವತ್ತಾರು ಆದ್ಮೇಲೆ ಮೂವತ್ತೆಂಟು. ಬೇರೆ ಕಂಪ್ಯೂಟರಿಗೆ ಹೋದಾಗ ಗಂಟೆ, ನಿಮಿಷ ಬದಲಾಗ್ಬಹುದು, ಸೆಕೆಂಡು ಹಾಗೇ ಉಳಿಯುತ್ತೆ. ಮೂವತ್ತೇಳು ಆ ಕಾರ್ಡಿಂದ ಬರೋಕೆ ಸಾಧ್ಯಾನೇ ಇಲ್ಲ.”

“ಅಂದ್ರೆ?”

“ಈ ಸಮಯ ಕಂಪ್ಯೂಟರಲ್ಲಿ ಯಾರೋ ಕೈಯಾರೆ ಹಾಕಿದ್ದು.”

ಪಾಸ್‌ವರ್ಡ್ ಒಬ್ಬರ ಬಳಿಯಷ್ಟೇ ಇತ್ತು. ಮೀಸೆ ತನ್ನ ಮೀಸೆಯನ್ನೇ ಒಮ್ಮೆ ಸವರಿಕೊಂಡ.

ಸೋಮವಾರ ಸಂಜೆ ನಾಲ್ಕು ಹತ್ತಕ್ಕೆ ಮೇಷ್ಟ್ರ ಬಂಧನವಾಯಿತು. ಪಟ್ಟಿಯನ್ನು ಎದುರಿಗಿಟ್ಟಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮಂಗಳವಾರ ಸಂಜೆ ಅವರು ಕಾರ್ಡಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದರು, ತೆರೆದು ಓದಿರಲಿಲ್ಲ. ಮರುದಿನ ಸನ್ಮಾನ, ಆಡಬೇಕಾದ ನಾಲ್ಕು ಮಾತು ಬರೆಯುತ್ತ ಕೂತಿದ್ದರು. ಗುರುವಾರ ಅಪಘಾತದ ಸುದ್ದಿ ಬಂದ ಮೇಲೆ ವರದಿ ತೆರೆದರು. ‘ಇವತ್ತೇ ನಿಲ್ಲಿಸಿ’ ಎಂದಿತ್ತು.

“ಆ ಸಾಲು ತಿದ್ದಿ ಉಳಿಸಿದ ಕೂಡ್ಲೇ ಹಳೇ ಸಮಯ ಅಳಿಸಿಹೋಯ್ತು. ಮೊದ್ಲೇ ಗುರುತು ಹಾಕ್ಕೊಂಡಿರ್ಲಿಲ್ಲ. ಹನ್ನೊಂದೂ ಮುಕ್ಕಾಲರ ಸುಮಾರು ಅಂತ ಮಾತ್ರ ನೆನಪಿತ್ತು.”

“ಅವನಿಗೆ ಏನಾಗುತ್ತೆ ಅಂತ ಯೋಚಿಸ್ಲಿಲ್ವಾ?”

“ವಯಸ್ಸು ಚಿಕ್ಕದು, ತಡ್ಕೋತಾನೆ ಅಂದ್ಕೊಂಡೆ.” ಆ ಮಾತು ಅವರಿಗೇ ಕಹಿಯಾದಂತೆ ಕಂಡಿತು. “ಹೆದರಿಕೆ ಮೇಡಂ. ಇಪ್ಪತ್ತಾರು ವರ್ಷ ಒಂದೂ ತಪ್ಪು ಮಾಡದೋನಿಗೆ ತಪ್ಪು ಒಪ್ಕೊಳ್ಳೋದು ಹೇಗೆ ಅಂತಾನೇ ಗೊತ್ತಿರಲ್ಲ.”

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಬರೆದುಕೊಂಡು, ಮತ್ತೊಮ್ಮೆ ಓದಿ, ಸಹಿ ಹಾಕಿಸಿದಳು.

“ಸೆಕೆಂಡು ಸೊನ್ನೆ ಅಂತ ಬಿಟ್ಟಿದ್ರೆ?” ಎಂದು ಮೇಷ್ಟ್ರು ಕೇಳಿದರು.

“ಸೊನ್ನೆ ಸಮಸಂಖ್ಯೆ. ನಮ್ಮ ಕಣ್ಣಿಗೆ ಬೀಳ್ತಿರ್ಲಿಲ್ಲ.”

ಅವರು ಎದುರಿಗಿದ್ದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. “ಕೈ ಮೊದಲು ಸೊನ್ನೇನೇ ಹಾಕಿತ್ತು. ದುಂಡು ಅಂಕಿ ಕಂಡ್ರೆ ಅನುಮಾನ ಬರುತ್ತೆ ಅಂತ ಅಳಿಸಿದೆ.”

ಹೊರಗಿನ ಬೆಂಚಿನ ಮೇಲೆ, ವಶಪಡಿಸಿಕೊಂಡಿದ್ದ ಲೈಸೆನ್ಸನ್ನು ವಾಪಸ್ ಪಡೆಯಲು ಮೆಕ್ಯಾನಿಕ್ಕು ಕೂತಿದ್ದ. ಪೇದೆಯ ಜೊತೆ ಮೇಷ್ಟ್ರು ಹಾದುಹೋಗುವಾಗ ಅವನು ಅಭ್ಯಾಸಬಲದಿಂದ ಎದ್ದು ನಿಂತ. ನಿಂತ ಮೇಲೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಕೂರಲಿಲ್ಲ.